ಕಡವು ಮತ್ತು ಮರೀನಾ

ಸೌತಾಂಪ್ಟನ್ನಿನ ದೋಣಿಮೇಳದಲ್ಲಿ ದೊಡ್ಡ ವಿಹಾರನೌಕೆಯೊಂದರ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದುದು ಪಾದರಕ್ಷೆಗಳ ಬುಟ್ಟಿ. ತೇಗದ ಹಲಗೆಯ ಮೇಲೆ ಗೀರು ಬೀಳಬಾರದೆಂದು, ನೌಕೆಯನ್ನು ನೋಡಬಯಸುವವರೆಲ್ಲ ಬೂಟು ಕಳಚಿ ಆ ಬುಟ್ಟಿಯಲ್ಲಿಟ್ಟು ಹತ್ತಬೇಕು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಭ್ಯಾಸವಿರುವ ನನಗೆ ಇದೇನೂ ಕಷ್ಟವಾಗಲಿಲ್ಲ. ಆದರೆ ಎರಡು ನೌಕೆಗಳ ಆಚೆ, ಅದಕ್ಕಿಂತಲೂ ದೊಡ್ಡದೊಂದರ ಮುಂದೆ, ಬುಟ್ಟಿಯ ಜೊತೆಗೆ ಅಡ್ಡಲಾಗಿ ಒಂದು ಹಗ್ಗವೂ ಇತ್ತು. ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡು ಬಂದವರಿಗೆ ಮಾತ್ರ ಪ್ರವೇಶ ಎಂದು ಹಗ್ಗದ ಬಳಿ ನಿಂತಿದ್ದ ಯುವಕ ಬಹಳ ವಿನಯದಿಂದ ತಿಳಿಸಿದ. ಗರ್ಭಗುಡಿಯ ಹೊಸ್ತಿಲು ಎಲ್ಲ ದೇಶಗಳಲ್ಲಿಯೂ ಇರುತ್ತದೆ ಎಂದುಕೊಂಡು ಮುಂದೆ ನಡೆದೆ.

ಇದು 2023ರ ಸೆಪ್ಟೆಂಬರಿನ ಮಾತು. ಕೆಲವು ವಾರಗಳ ಮಟ್ಟಿಗೆ ಆ ಊರಿನಲ್ಲಿದ್ದುದರಿಂದ ಮಳೆ ಬಿಟ್ಟ ಒಂದು ದಿನ ನೋಡಿ ಟಿಕೆಟು ಕೊಂಡು ಹೋಗಿದ್ದೆ. ದೋಣಿ ಕೊಳ್ಳುವ ಉದ್ದೇಶವಂತೂ ಇರಲಿಲ್ಲ. ಹೊಟ್ಟೆಪಾಡಿಗಲ್ಲದೆ, ಊರು ಸೇರುವುದಕ್ಕೂ ಅಲ್ಲದೆ, ಕೇವಲ ಸಂತೋಷಕ್ಕಾಗಿ ನೀರಿನ ಮೇಲೆ ಹೋಗುವುದೆಂದರೇನು, ಅದಕ್ಕಾಗಿ ವರ್ಷ ವರ್ಷವೂ ಜಾತ್ರೆ ನಡೆಸುವ ಸಮಾಜ ಎಂಥದು ಎಂಬ ಕುತೂಹಲವಿತ್ತು. ಬೆಳಗ್ಗಿನಿಂದ ಸಂಜೆಯವರೆಗೆ ಸುತ್ತಿ ಬಂದ ಮೇಲೆ ಆ ಕುತೂಹಲ ಒಂದು ಪ್ರಶ್ನೆಯಾಗಿ ಉಳಿಯಿತು. ಕಡಲಿನ ಮಗ್ಗುಲಲ್ಲೇ ಬಾಳ್ವೆ ಮಾಡುತ್ತ, ವರ್ಷಕ್ಕೊಮ್ಮೆಯೂ ನೀರನ್ನು ಮುಟ್ಟದಿರುವ ಮುಂಬಯಿಯ ನಾವೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ಎಂದು ಅನಿಸಿದ್ದರಿಂದ ಈ ಬರಹ.

ಸೌತಾಂಪ್ಟನ್ ಇಂಗ್ಲೆಂಡಿನ ದಕ್ಷಿಣ ತೀರದ ಹಳೆಯ ರೇವುಪಟ್ಟಣ. 1620ರಲ್ಲಿ ಅಮೆರಿಕದ ಹಾದಿ ಹಿಡಿದ ‘ಮೇಫ್ಲವರ್’ ನೌಕೆ ಇಲ್ಲಿಂದ ಹೊರಟಿತ್ತು; 1912ರ ಏಪ್ರಿಲ್ 10ರಂದು ‘ಟೈಟಾನಿಕ್’ ಹೊರಟದ್ದೂ ಇಲ್ಲಿಂದಲೇ. ಟೈಟಾನಿಕ್ಕಿನ ಸಿರಿವಂತ ಪ್ರಯಾಣಿಕರ ಕತೆ ಲೋಕಕ್ಕೆಲ್ಲ ಗೊತ್ತು. ಅದರ ಒಲೆಗಳಿಗೆ ಕಲ್ಲಿದ್ದಲು ತುಂಬುತ್ತಿದ್ದವರು, ಬಡಿಸುತ್ತಿದ್ದವರು, ಪಾತ್ರೆ ತೊಳೆಯುತ್ತಿದ್ದವರಲ್ಲಿ ಬಹುಪಾಲು ಜನ ಈ ಊರಿನ ಸಣ್ಣ ಬೀದಿಗಳ ನಿವಾಸಿಗಳು. ಆ ರಾತ್ರಿ ಸತ್ತವರಲ್ಲಿ ಈ ಒಂದೇ ಊರಿನವರು 500ಕ್ಕೂ ಹೆಚ್ಚು. ನೀರಿನ ಮೇಲೆ ವಿಹರಿಸುವವರು ಒಬ್ಬರು, ವಿಹಾರಕ್ಕೆ ಬೆವರು ಸುರಿಸುವವರು ಇನ್ನೊಬ್ಬರು ಎಂಬುದು ಇಲ್ಲಿನ ಇತಿಹಾಸದಲ್ಲೇ ಇದೆ.

ಮೇಳ ನಡೆಯುವುದು ಮೇಫ್ಲವರ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ. ಉಳಿದ ತೀರವನ್ನೆಲ್ಲ ಹಡಗುಕಟ್ಟೆಗಳು ಆಕ್ರಮಿಸಿಕೊಂಡಿರುವ ಆ ಪಟ್ಟಣದಲ್ಲಿ ಜನಸಾಮಾನ್ಯರು ನೀರಿನ ಅಂಚಿಗೆ ಬಂದು ನಿಲ್ಲಬಹುದಾದ ಕೆಲವೇ ತಾಣಗಳಲ್ಲಿ ಅದೊಂದು. 1969ರಲ್ಲಿ ಆರಂಭವಾದ ಈ ಮೇಳಕ್ಕಾಗಿ ಪ್ರತಿ ಸಲವೂ ನೀರಿನ ಮೇಲೆ ತೇಲುವ ಕಟ್ಟೆಗಳನ್ನು ಒಂದಕ್ಕೊಂದು ಜೋಡಿಸಿ ಹೊಸದಾಗಿ ಒಂದು ಮರೀನಾವನ್ನೇ, ಅಂದರೆ ವಿಹಾರದೋಣಿಗಳ ತಂಗುದಾಣವನ್ನೇ ಕಟ್ಟುತ್ತಾರೆ. ಮೇಳ ಮುಗಿದ ಮೇಲೆ ಕಳಚುತ್ತಾರೆ. ದಡದ ಮೇಲೆ ಡೇರೆಗಳು: ಹಗ್ಗ, ಲಂಗರು, ಎಂಜಿನ್, ದಿಕ್ಸೂಚಿ, ಮಳೆಯಂಗಿ, ನೀರಿಗೆ ಜಾರದ ಬೂಟು. ನೀರಿನ ಮೇಲೆ ಒತ್ತಾಗಿ ನಿಂತ ನೂರಾರು ದೋಣಿಗಳು. ನಮ್ಮ ಊರಿನ ತೇರಿನ ಪೇಟೆಯನ್ನು ಕಂಡವರಿಗೆ ಈ ಗದ್ದಲ ಅಪರಿಚಿತವೆನಿಸದು.

ಮೇಳಕ್ಕೆ ಬಂದವರನ್ನು ಗಮನಿಸುವುದೇ ಒಂದು ಪಾಠ. ಬೂಟು ಬಿಚ್ಚಿ ದೊಡ್ಡ ನೌಕೆ ಹತ್ತಿದವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ ಬರಿಗೈಯವರು. ಒಳಗಿನ ಹಾಸಿಗೆಯ ಮೇಲೆ ಕೂತು ನೋಡುತ್ತಾರೆ, ಅಡುಗೆಮನೆಯ ಕಪಾಟು ತೆರೆದು ಮುಚ್ಚುತ್ತಾರೆ, ಬೆಲೆಯ ಫಲಕ ಓದಿ ಗಂಡಹೆಂಡಿರು ಪರಸ್ಪರ ಮುಖ ನೋಡಿ ನಗುತ್ತಾರೆ. ಇನ್ನೊಂದು ಬಗೆಯವರು ಹಗ್ಗದ ಅಂಗಡಿಗಳಲ್ಲಿ ಸಿಗುತ್ತಾರೆ. ಅವರು ನೌಕೆಗಳ ಕಡೆ ತಿರುಗಿಯೂ ನೋಡುವವರಲ್ಲ. ಅರ್ಧ ಗಂಟೆ ಚೌಕಾಸಿ ಮಾಡಿ ಹತ್ತು ಮೀಟರ್ ಹಗ್ಗ, ಎರಡು ಕೊಕ್ಕೆ, ಒಂದು ಡಬ್ಬಿ ಬಣ್ಣ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇವರ ಬಳಿ ದೋಣಿಯಿದೆ. ಅದು ಹಳೆಯದು, ಸೋರುತ್ತದೆ, ಪ್ರತಿ ವರ್ಷ ರಿಪೇರಿ ಕೇಳುತ್ತದೆ. ಮೇಳದ ಕೇಂದ್ರದಲ್ಲಿ ಹೊಳೆಯುವುದು ಮೊದಲನೆಯ ಲೋಕವಾದರೂ ದೋಣಿಯಾನ ಎಂಬ ಹವ್ಯಾಸವನ್ನು ಬದುಕಿಸಿಟ್ಟವರು ಈ ಎರಡನೆಯವರು ಎಂದು ನನಗೆ ನಿಧಾನವಾಗಿ ಅರ್ಥವಾಯಿತು.

ಈ ಎರಡನೆಯ ಬಗೆಯ ಜನ ಎಲ್ಲಿಂದ ಬಂದರು? ಇಂಗ್ಲೆಂಡಿನಲ್ಲಿಯೂ ಹಾಯಿನೌಕೆಯ ವಿಹಾರ ಮೊದಲಿಗೆ ರಾಜರದ್ದು, ಶ್ರೀಮಂತರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ದೊಡ್ಡ ನೌಕೆಗಳನ್ನು ಪಂದ್ಯಗಳಲ್ಲಿ ನಡೆಸುತ್ತಿದ್ದವರು ಎಸೆಕ್ಸ್ ತೀರದ ಹಳ್ಳಿಗಳ ಮೀನುಗಾರರು. ಬೇಸಗೆಯಲ್ಲಿ ಧಣಿಯ ನೌಕೆಯ ಹಗ್ಗ ಎಳೆದು, ಚಳಿಗಾಲದಲ್ಲಿ ತಮ್ಮ ಬಲೆಗೆ ಮರಳುತ್ತಿದ್ದರು. ಕಪ್ ಧಣಿಗೆ, ಕೂಲಿ ಇವರಿಗೆ. ಈ ಏರ್ಪಾಡು ತಿರುಗಿದ್ದು ಯಾವ ಕ್ರಾಂತಿಯಿಂದಲೂ ಅಲ್ಲ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪ್ಲೈವುಡ್ ಮತ್ತು ಜಲನಿರೋಧಕ ಅಂಟು ಅಗ್ಗವಾದವು, ದುಡಿಯುವವರಿಗೂ ವಾರದ ಕೊನೆಯ ರಜೆ ಸಿಕ್ಕಿತು, ಕೆಲವರು ತಲೆ ಓಡಿಸಿ ಸಣ್ಣ ದೋಣಿಗಳನ್ನು ರೂಪಿಸಿದರು.

ಅವುಗಳಲ್ಲಿ ಒಂದರ ಕತೆಯನ್ನು ಹೇಳಲೇಬೇಕು. 1963ರ ಜನವರಿಯ ಲಂಡನ್ ದೋಣಿಮೇಳದಲ್ಲಿ ‘ಮಿರರ್’ ಎಂಬ ಪುಟ್ಟ ಡಿಂಗಿ ಜನರ ಮುಂದೆ ಬಂತು. ಪ್ರಾಯೋಜಕರು ಕಾರ್ಮಿಕರು ಹೆಚ್ಚಾಗಿ ಓದುತ್ತಿದ್ದ ‘ಡೈಲಿ ಮಿರರ್’ ಪತ್ರಿಕೆ. ರೂಪಿಸಿದವರು ಇಬ್ಬರು: ದೋಣಿ ವಿನ್ಯಾಸಕಾರ ಜಾಕ್ ಹೋಲ್ಟ್, ಮತ್ತು ಮನೆಗೆಲಸ, ಬಡಗಿಕೆಲಸಗಳನ್ನು ಸ್ವತಃ ಮಾಡಿಕೊಳ್ಳುವುದು ಹೇಗೆಂದು ಟೆಲಿವಿಷನ್ನಿನಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್. ಉದ್ದ ಹನ್ನೊಂದು ಅಡಿಗೂ ತುಸು ಕಡಿಮೆ. ಬೆಲೆ 63 ಪೌಂಡು, 11 ಶಿಲಿಂಗು. ಅದನ್ನು ಸಿದ್ಧ ದೋಣಿಯಾಗಿ ಅಲ್ಲ, ಬಿಡಿಭಾಗಗಳಾಗಿ ಮಾರಿದರು. ಕೊಂಡವನು ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಹೊಲಿಗೆಯ ಮೇಲೆ ಗಾಜುನಾರಿನ ಪಟ್ಟಿ ಅಂಟಿಸಿ, ತನ್ನ ಮನೆಯ ಹಿತ್ತಿಲಿನಲ್ಲೋ ಕಾರಿನ ಕೊಟ್ಟಿಗೆಯಲ್ಲೋ ದೋಣಿಯನ್ನು ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಹಾಯಿ ಬಿಚ್ಚಬಹುದು, ಹುಟ್ಟು ಹಾಕಬಹುದು, ಹಿಂದೊಂದು ಸಣ್ಣ ಎಂಜಿನ್ ಕಟ್ಟಬಹುದು. ಕಾರಿನ ತಲೆಯ ಮೇಲೆ ಹೊತ್ತೊಯ್ಯಬಹುದು. ಹಾಯಿಯ ಬಣ್ಣ ಪತ್ರಿಕೆಯ ಬಣ್ಣವೇ ಆದ ಕೆಂಪು. ಅಂಥ ದೋಣಿಗಳು 70,000ಕ್ಕೂ ಹೆಚ್ಚು ತಯಾರಾದವು. ಗುಮಾಸ್ತರು, ಶಾಲಾಮಾಸ್ತರರು, ಕಾರ್ಖಾನೆಯ ಕೆಲಸಗಾರರು ತಮ್ಮ ಮಕ್ಕಳನ್ನು ಕೂರಿಸಿಕೊಂಡು ನೀರಿಗಿಳಿದರು.

ಅಮೆರಿಕದಲ್ಲಿ ಇಂಥದೇ ಇನ್ನೊಂದು ಘಟನೆ. ಕೆನಡಾದ ಬ್ರೂಸ್ ಕರ್ಬಿ ಕಾರಿನ ಮೇಲೆ ಸಾಗಿಸಬಲ್ಲ, ಒಬ್ಬನೇ ನಡೆಸಬಲ್ಲ ಹಾಯಿದೋಣಿಯೊಂದರ ನಕ್ಷೆಯನ್ನು ಗೆಳೆಯ ಇಯಾನ್ ಬ್ರೂಸ್‌ನೊಡನೆ ಫೋನಿನಲ್ಲಿ ಮಾತನಾಡುತ್ತಿರುವಾಗಲೇ ಕಾಗದದ ಮೇಲೆ ಗೀಚಿದ. 1971ರ ನ್ಯೂಯಾರ್ಕ್ ದೋಣಿಮೇಳದಲ್ಲಿ ಆ ದೋಣಿ ‘ಲೇಸರ್’ ಎಂಬ ಹೆಸರಿನಲ್ಲಿ ಜನರ ಮುಂದೆ ಬಂದಿತು. ಇಂದಿನವರೆಗೆ ಎರಡು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಎಲ್ಲವೂ ಒಂದೇ ಅಚ್ಚಿನವು. ಆದ್ದರಿಂದ ಪಂದ್ಯದಲ್ಲಿ ಗೆಲ್ಲಿಸುವುದು ಹಣವಲ್ಲ, ಗಾಳಿಯ ಅರಿವು ಮತ್ತು ಮೈಯ ಶ್ರಮ. 1996ರಿಂದ ಅದು ಒಲಿಂಪಿಕ್ಸಿನಲ್ಲಿದೆ. ಇತ್ತೀಚೆಗೆ ಅದರ ಹೆಸರು ‘ಐ.ಎಲ್.ಸಿ.ಎ.’ ಎಂದಾಗಿದೆ.

ಹೀಗಾಗಿ ದೋಣಿಮೇಳವನ್ನು ಶ್ರೀಮಂತರ ಶೋಕಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಮಿರರ್ ಮತ್ತು ಲೇಸರ್ ಎರಡೂ ಜನರ ಕೈಗೆ ಬಂದದ್ದು ಮೇಳಗಳ ಮೂಲಕವೇ. ಮೇಳಗಳನ್ನು ಅಳೆಯಬೇಕಾದದ್ದು ಅಲ್ಲಿನ ಅತಿ ದೊಡ್ಡ ನೌಕೆಯಿಂದಲ್ಲ, ಅತಿ ಚಿಕ್ಕ ದೋಣಿಯಿಂದ ಎಂಬುದು ನನ್ನ ಅಭಿಪ್ರಾಯ. ಆ ಅಳತೆಯಲ್ಲಿ ನೋಡಿದರೆ ಸೌತಾಂಪ್ಟನ್ನಿನಲ್ಲಿ ಈಗ ನಾನು ಕಂಡದ್ದು ಒಂದು ಬಗೆಯ ಹಿಂಜರಿತ. ಸಣ್ಣ ದೋಣಿಗಳು ಇದ್ದವು. ಮಕ್ಕಳು ಕೂತು ನೋಡುತ್ತಲೂ ಇದ್ದರು. ಆದರೆ ಮೇಳದ ಕಣ್ಣು, ಮೇಳದ ಜಾಹೀರಾತು, ಮೇಳದ ನೆಲ ಹೆಚ್ಚು ಹೆಚ್ಚಾಗಿ ದೊಡ್ಡವರಿಗೇ ಮೀಸಲಾಗುತ್ತಿದೆ. ಮಿರರ್ ಹುಟ್ಟಿದ ಲಂಡನ್ ಮೇಳವಂತೂ 2018ರ ಜನವರಿಯವರೆಗೆ ನಡೆದು ನಿಂತುಹೋಯಿತು. ಕೊನೆಯ ವರ್ಷಗಳಲ್ಲಿ ಅದಕ್ಕೆ ಬರುವ ಮಾರಾಟಗಾರರೇ ಕಡಿಮೆಯಾಗಿದ್ದರು.

ಇನ್ನೊಂದು ಮಾತನ್ನೂ ಹೇಳಬೇಕು. ಆ ದಿನ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡ ಮಳಿಗೆ ಏನನ್ನೂ ಮಾರುವುದಲ್ಲ. ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ಉಳಿಸುವ ಜೀವರಕ್ಷಕ ದೋಣಿ ಸಂಸ್ಥೆಯೊಂದು ಬ್ರಿಟನ್ನಿನಲ್ಲಿದೆ, 1824ರಲ್ಲಿ ಸ್ಥಾಪನೆಯಾದದ್ದು. ಜನರ ದೇಣಿಗೆಯಿಂದ ನಡೆಯುವ ಈ ಸಂಸ್ಥೆಯಲ್ಲಿ ಬಿರುಗಾಳಿಗೆ ದೋಣಿ ಬಿಡುವವರು ಹೆಚ್ಚಿನಂಶ ಸ್ವಯಂಸೇವಕರು. ಕರೆ ಬಂದಾಗ ಅಂಗಡಿ ಮುಚ್ಚಿ, ಪಾಠ ನಿಲ್ಲಿಸಿ, ಓಡಿಬರುವವರು. ಅವರ ಮಳಿಗೆಯಲ್ಲಿ ಹಿರಿಯರೊಬ್ಬರು ನಾಲ್ಕೈದು ವರ್ಷದ ಹುಡುಗಿಗೆ ಲೈಫ್ ಜಾಕೆಟ್ ತೊಡಿಸಿ, ಕಾಲುಗಳ ನಡುವಿನಿಂದ ಬರುವ ಪಟ್ಟಿಯನ್ನು ಯಾಕೆ ಬಿಗಿಯಬೇಕು ಎಂದು ವಿವರಿಸುತ್ತಿದ್ದರು. ಆ ಪಟ್ಟಿ ಸಡಿಲವಾಗಿದ್ದರೆ ನೀರಿಗೆ ಬಿದ್ದೊಡನೆ ಜಾಕೆಟ್ ತಲೆಯ ಮೇಲಿಂದ ಕಳಚಿಕೊಳ್ಳುತ್ತದಂತೆ. ಆ ಮಗು ಗಂಭೀರವಾಗಿ ತಾನೇ ಪಟ್ಟಿಯನ್ನು ಎಳೆದು ನೋಡಿಕೊಂಡಿತು.

ಮುಂದಿನ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 26ರಂದು, ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಸುದ್ದಿ ಬಂದಿತು. ನೇಹಾ ಠಾಕೂರ್ ಎಂಬ ಹದಿಹರೆಯದ ಹುಡುಗಿ ಐ.ಎಲ್.ಸಿ.ಎ.-4 ಹಾಯಿದೋಣಿಯ ಸ್ಪರ್ಧೆಯಲ್ಲಿ ಭಾರತಕ್ಕೆ ಬೆಳ್ಳಿಯ ಪದಕ ತಂದಿದ್ದಳು. ಕರ್ಬಿ ಕಾಗದದ ಮೇಲೆ ಗೀಚಿದ ದೋಣಿಗೆ ಚಿಕ್ಕದೊಂದು ಹಾಯಿ ಕಟ್ಟಿದರೆ ಅದೇ ಈ ದೋಣಿ. ಹುಡುಗಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಒಂದು ಹಳ್ಳಿಯವಳು, ರೈತನ ಮಗಳು. ಕಡಲಿನಿಂದ ನೂರಾರು ಮೈಲಿ ದೂರದ ನಾಡು ಅದು. ಅವಳು ಗಾಳಿಯನ್ನು ಓದಲು ಕಲಿತದ್ದು ಭೋಪಾಲದ ದೊಡ್ಡ ಕೆರೆಯಲ್ಲಿ, ಅಲ್ಲಿರುವ ರಾಷ್ಟ್ರೀಯ ಹಾಯಿದೋಣಿ ಶಾಲೆಯಲ್ಲಿ. ಭೋಜರಾಜ ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದನೆಂದು ಪ್ರತೀತಿಯಿರುವ ಕೆರೆ ಅದು. ಮರೀನಾ ಇಲ್ಲ, ವಿಹಾರನೌಕೆ ಇಲ್ಲ. ಒಂದು ಕೆರೆ, ನೀರಿಗಿಳಿಯಲು ಒಂದು ಇಳಿಜಾರು, ಕೆಲವು ಚಿಕ್ಕ ದೋಣಿಗಳು, ಕಲಿಸುವವರು. ಇಷ್ಟು ಸಾಕಾಯಿತು.

ಇಷ್ಟು ನಮ್ಮಲ್ಲಿ ಯಾಕಿಲ್ಲ? ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಹೆಚ್ಚಿನ ಕಡಲತೀರವಿದೆ; ಎಣಿಸಲಾರದಷ್ಟು ಕೆರೆಗಳಿವೆ; ತುಂಬಿ ಹರಿಯುವ ನದಿಗಳಿವೆ. ದೋಣಿಯ ಅನುಭವವೂ ಹೊಸತಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯ ಹರಿಗೋಲನ್ನು ನೋಡಿ ಬೆರಗಾಗಿದ್ದ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ಚರ್ಮ ಹೊದಿಸಿದ ಆ ದೋಣಿ ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಆದರೆ ನೇರವಾಗಿ ಹೋಗಲಾರದೆ ಸುತ್ತುತ್ತಲೇ ಸಾಗುತ್ತದೆ ಎಂದು ಅವನು ಬರೆದಿಟ್ಟಿದ್ದಾನೆ. ಕರಾವಳಿಯವರಿಗಂತೂ ಪಾತಿ, ಮಚವೆ, ಮಂಜಿ, ಪತ್ತೇಮಾರಿ ಎಂದು ದೋಣಿಗೊಂದು ಹೆಸರು, ಹೆಸರಿಗೊಂದು ಕೆಲಸ. ಗಾಜುನಾರು ಬಂದ ಮೇಲೆ ‘ಫೈಬರ್ ದೋಣಿ’ಯೂ ಆ ಪಟ್ಟಿಗೆ ಸೇರಿತು.

ನನ್ನ ಪ್ರಾಯದವರು ಊರಿನ ‘ಕಡವನ್ನು’ ಮರೆತಿರಲಾರರು. ಸೇತುವೆಗಳು ಬರುವ ಮೊದಲು ಹೊಳೆ ದಾಟಬೇಕಾದಲ್ಲೆಲ್ಲ ಒಂದು ಕಡವು. ಕೆಳಗಿಳಿಯಲು ನಾಲ್ಕು ಕಲ್ಲಿನ ಮೆಟ್ಟಿಲು, ಕಟ್ಟಿದ ದೋಣಿ, ಮರದಡಿ ಬೀಡಿ ಸೇದುತ್ತ ಕೂತ ಅಂಬಿಗ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಅಕ್ಕಿಮುಡಿ ಹೊತ್ತವರು, ಮದುವೆಯ ದಿಬ್ಬಣ, ಎಲ್ಲರೂ ಅದೇ ದೋಣಿಗೆ ಕಾಯಬೇಕು. ದೋಣಿ ಬಿಡುವ ಹಕ್ಕನ್ನು ಸರಕಾರ ಹರಾಜು ಹಾಕುತ್ತಿತ್ತು. ಆದರೆ ಮೆಟ್ಟಿಲು ಯಾರ ಸ್ವತ್ತೂ ಅಲ್ಲ. ಮಧ್ಯಾಹ್ನ ದೋಣಿ ಖಾಲಿಯಿದ್ದಾಗ ಅಂಬಿಗನ ಕಣ್ಣು ತಪ್ಪಿಸಿ ಹುಟ್ಟು ಹಿಡಿದ ಹುಡುಗರೆಷ್ಟೋ. ಕಂಡರೆ ಅವನು ಬೈದು, ಆಮೇಲೆ ತಾನೇ ಕೈಹಿಡಿದು ಕಲಿಸಿಯೂ ಇರಬಹುದು.

ಆದರೆ ಕಡವನ್ನು ನೆನೆದು ಕಣ್ಣೀರು ಸುರಿಸುವುದರಲ್ಲಿ ಅರ್ಥವಿಲ್ಲ, ಅಲ್ಲಿಯೂ ಒಂದು ಕೊರತೆಯಿತ್ತು. ನಮ್ಮ ಸಮಾಜದಲ್ಲಿ ನೀರನ್ನು ಬಲ್ಲವನಿಗೆ ಬಿಡುವು ಇರಲಿಲ್ಲ. ಬಿಡುವಿದ್ದವನು ಹುಟ್ಟನ್ನು ಮುಟ್ಟಲಿಲ್ಲ. ಅಂಬಿಗ, ಬೆಸ್ತ, ಮೊಗವೀರ, ಖಾರ್ವಿ ಎಂದು ಹುಟ್ಟಿನಿಂದಲೇ ಕೆಲವರಿಗೆ ಹುಟ್ಟನ್ನು ಹಂಚಿಕೊಟ್ಟು ಉಳಿದವರು ದಡದಲ್ಲಿ ನಿಂತರು. ಕಡಲು ದಾಟಿದರೆ ಜಾತಿ ಕೆಡುತ್ತದೆಂಬ ಕಟ್ಟಳೆಯನ್ನೂ ಮೇಲ್ಜಾತಿಗಳು ಬಹುಕಾಲ ಪಾಲಿಸಿದವು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬನ್ನೇ ಅಂಕಿತವಾಗಿ ಇಟ್ಟುಕೊಂಡು ವಚನ ನುಡಿದದ್ದು ಎಂಥ ಧೈರ್ಯದ ಕೆಲಸವೆಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ದುಡಿಮೆಯ ದೋಣಿ ಆಟದ ದೋಣಿಯಾಗಿ ಎಲ್ಲರ ಕೈಗೆ ಬರುವ ಆ ತಿರುವು ನಮ್ಮಲ್ಲಿ ಆಗಲೇ ಇಲ್ಲ. ಹೀಗಿರುವಾಗಲೇ ಮರೀನಾದ ಮಾತು ಬಂದಿದೆ. ಇಂಗ್ಲೆಂಡಿಗೆ ಬೆಳವಣಿಗೆಯ ಕೊನೆಗೆ ಬಂದುದು ನಮಗೆ ಮೊದಲಿಗೇ ಬರುತ್ತಿದೆ.

ಮುಂಬಯಿಯನ್ನೇ ನೋಡೋಣ. ಅಪೊಲೊ ಬಂದರಿನ ಬಳಿ 1846ರಲ್ಲಿ ಸ್ಥಾಪನೆಯಾದ ರಾಯಲ್ ಬಾಂಬೆ ಯಾಟ್ ಕ್ಲಬ್ ಇದೆ. ಬ್ರಿಟಿಷರ ಕಾಲದಲ್ಲಿ ಅದು ಬಿಳಿಯರ ಆವರಣ. ದೇಶ ಸ್ವತಂತ್ರವಾದ ಮೇಲೆ ಬಾಗಿಲು ತೆರೆಯಿತು, ಆದರೆ ಆ ಬಾಗಿಲಿನಿಂದ ಹೋಗಬಲ್ಲವರು ಎಷ್ಟು ಜನ? 1982ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಗಳು ನಡೆದದ್ದು ದೆಹಲಿಯಲ್ಲಲ್ಲ, ನಮ್ಮ ಮುಂಬಯಿಯ ಕಡಲಲ್ಲಿ. ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಫೈರ್‌ಬಾಲ್ ದೋಣಿಯಲ್ಲಿ ಚಿನ್ನ ಗೆದ್ದರು. ಆ ಚಿನ್ನದ ನೆನಪು ಊರಿನಲ್ಲಿ ಎಷ್ಟು ಜನರಿಗಿದೆ? ಕ್ರಿಕೆಟ್ಟಿಗೆ ಶಿವಾಜಿ ಪಾರ್ಕ್ ಇದ್ದಂತೆ ಹಾಯಿದೋಣಿಗೆ ಒಂದು ಸಾರ್ವಜನಿಕ ಅಂಗಳ ಇದ್ದಿದ್ದರೆ ಆ ಪದಕದ ಹಿಂದೆ ನೂರು ಹುಡುಗರು ನೀರಿಗಿಳಿಯುತ್ತಿದ್ದರು.

ನಮ್ಮ ಬಹುಪಾಲು ಜನರಿಗೆ ದೋಣಿಯೆಂದರೆ ಊರಿನಿಂದ ನೆಂಟರು ಬಂದಾಗ ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚು. 2024ರ ಡಿಸೆಂಬರ್ 18ರಂದು ಅಂಥ ‘ನೀಲಕಮಲ್’ ದೋಣಿಗೆ, ಎಂಜಿನ್ ಪರೀಕ್ಷೆಯ ವೇಳೆ ಹಿಡಿತ ತಪ್ಪಿದ ನೌಕಾಪಡೆಯ ವೇಗದೋಣಿಯೊಂದು ಬಂದು ಅಪ್ಪಳಿಸಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ದೋಣಿಯಲ್ಲಿ ನೂರಕ್ಕೂ ಹೆಚ್ಚು ಜನರಿದ್ದರು, ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅದನ್ನು ಕಡ್ಡಾಯ ಮಾಡಿದ್ದು ಆಮೇಲೆ. ಸುದ್ದಿ ಓದುವಾಗ ಸೌತಾಂಪ್ಟನ್ನಿನ ಆ ಮಗು ಪಟ್ಟಿ ಎಳೆದುಕೊಂಡದ್ದು ನನ್ನ ಕಣ್ಣಮುಂದೆ ಬಂತು. ಅಪಘಾತಕ್ಕೆ ಕಾರಣರಾದವರ ವಿಚಾರಣೆ ಬೇರೆ ಮಾತು. ನೀರಿನೊಡನೆ ಒಡನಾಟವಿಲ್ಲದ ಜನ ದೋಣಿಯಲ್ಲಿ ಸಾಮಾನಿನಂತೆ ಕೂರುತ್ತಾರೆ. ಜಾಕೆಟ್ ಎಲ್ಲಿದೆ ಎಂದು ಕೇಳಬೇಕೆಂಬುದೇ ಅವರಿಗೆ ಹೊಳೆಯುವುದಿಲ್ಲ. ದೋಣಿಯಾನದ ಸಂಸ್ಕೃತಿ ಎಂದು ನಾನು ಹೇಳುತ್ತಿರುವುದು ಈ ಅರಿವನ್ನೇ, ಬರಿಯ ವಿಲಾಸವನ್ನಲ್ಲ.

ಇನ್ನು ನೀರನ್ನು ನಿಜವಾಗಿ ಬಲ್ಲವರ ಪಾಡು. ಕರಾವಳಿ ರಸ್ತೆಯನ್ನು ಬಾಂದ್ರಾ-ವರ್ಲಿ ಸೇತುವೆಗೆ ಜೋಡಿಸುವಲ್ಲಿ ಕಂಬಗಳ ನಡುವಿನ ಅಂತರ 60 ಮೀಟರ್ ಎಂದು ಎಂಜಿನಿಯರುಗಳು ನಿರ್ಧರಿಸಿದ್ದರು. ಅಲೆ ಎದ್ದ ದಿನ ಅಷ್ಟರಲ್ಲಿ ದೋಣಿ ನುಸುಳಿಸಲಾಗದು ಎಂದು ವರ್ಲಿಯ ಕೋಳಿ ಮೀನುಗಾರರು ಪಟ್ಟು ಹಿಡಿದರು, ಕೆಲಸಕ್ಕೆ ಅಡ್ಡ ನಿಂತರು. ಕೊನೆಗೆ ಆ ಅಂತರವನ್ನು 120 ಮೀಟರಿಗೆ ಹೆಚ್ಚಿಸಬೇಕಾಯಿತು. ನಕ್ಷೆ ಬರೆಯುವ ಮೊದಲೇ ಅವರನ್ನು ಕೇಳಿದ್ದರೆ ಈ ಹೋರಾಟ ಬೇಕಿರಲಿಲ್ಲ. ಮುಂಬಯಿಯ ಮೀನುಗಾರಿಕೆಗೆ ನಮ್ಮ ಕರಾವಳಿಯ ಮೊಗವೀರರೂ ಬೆವರು ಸುರಿಸಿದ್ದಾರೆ. 1902ರಲ್ಲೇ ಈ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡವರು ಅವರು. ಆದ್ದರಿಂದ ಈ ವಿಷಯ ಹೊರನಾಡ ಕನ್ನಡಿಗರಿಗೆ ನೆರೆಮನೆಯದಲ್ಲ, ನಮ್ಮದೇ.

ಗೇಟ್‌ವೇ ಬಳಿ ರೇಡಿಯೊ ಕ್ಲಬ್ಬಿನ ಎದುರು ಸರಕಾರ ಹೊಸ ಜೆಟ್ಟಿ ಕಟ್ಟಲು ಹೊರಟಾಗ ಕೊಲಾಬಾದ ನಿವಾಸಿಗಳು ವಿರೋಧಿಸಿದರು. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಷರತ್ತುಗಳೊಡನೆ ಒಪ್ಪಿಗೆ ನೀಡಿತು. ಹಳೆಯ ಕಟ್ಟಡಗಳ ಅಂದ, ವಾಹನಗಳ ದಟ್ಟಣೆ ಎಂದು ಎರಡು ಕಡೆಯವರೂ ವಾದಿಸಿದರು. ಎಲ್ಲವೂ ಗಣನೆಗೆ ಬರಬೇಕಾದವೇ. ಆದರೆ ಆ ಜೆಟ್ಟಿಯ ಒಂದು ಮೂಲೆಯಿಂದ ಮುನಿಸಿಪಲ್ ಶಾಲೆಯ ಮಕ್ಕಳು ವಾರಕ್ಕೊಮ್ಮೆ ಚಿಕ್ಕ ಹಾಯಿದೋಣಿ ಇಳಿಸಲು ಸಾಧ್ಯವೇ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಯಲ್ಲಿ ನನ್ನ ಕಿವಿಗಂತೂ ಬೀಳಲಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪವನ್ನು ಊಹಿಸಬಲ್ಲೆ. ಕೊಚ್ಚಿ, ಮುಂಬಯಿಗಳಲ್ಲಿ ನಮ್ಮಲ್ಲಿಯೂ ದೋಣಿ ಪ್ರದರ್ಶನಗಳು ನಡೆದಿವೆ. ಶ್ರೀಮಂತರು ನೌಕೆ ಕೊಂಡರೆ ಕಟ್ಟುವವರಿಗೆ, ನಡೆಸುವವರಿಗೆ ಕೆಲಸ ಸಿಗುತ್ತದೆ. ಅಸೂಯೆ ಯಾಕೆ ಎನ್ನಬಹುದು. ಇದರಲ್ಲಿ ಸತ್ಯವಿದೆ. ಗೋವೆಯ ಒಂದು ಸಣ್ಣ ದೋಣಿ ಕಾರ್ಖಾನೆಯಲ್ಲಿ ರತ್ನಾಕರ ದಾಂಡೇಕರರು ಕಟ್ಟಿದ ‘ಮ್ಹಾದೇಯಿ’ಯಲ್ಲಿಯೇ ದಿಲೀಪ್ ದೋಂದೆಯವರು 2009-10ರಲ್ಲಿ ಒಬ್ಬರೇ ಭೂಮಿಯನ್ನು ಸುತ್ತಿ ಬಂದ ಮೊದಲ ಭಾರತೀಯರಾದರು. ಕಟ್ಟುವ ಕೈ ನಮ್ಮಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಯಾನದ ಕನಸು ಕಂಡವರು ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿ, ನಡೆಸಿದ್ದು ನೌಕಾಪಡೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿ ಬಿಚ್ಚುವವರು ಸೇನೆಯ ಎಂಜಿನಿಯರ್ ದಳದವರು. ಅಂದರೆ ನಮ್ಮಲ್ಲಿ ಹಾಯಿದೋಣಿ ಬೆಳೆದಿರುವುದು ಬಹುಮಟ್ಟಿಗೆ ಸಾರ್ವಜನಿಕ ಹಣದಿಂದ, ಸಮವಸ್ತ್ರದವರ ಶಿಸ್ತಿನಿಂದ, ಮಾರಾಟದ ಮಳಿಗೆಯಿಂದಲ್ಲ. ಸಮವಸ್ತ್ರವಿಲ್ಲದ ನಾಗರಿಕರಿಗೂ ಆ ದಾರಿ ತೆರೆಯಬೇಕು ಎಂಬುದಷ್ಟೇ ನನ್ನ ಬೇಡಿಕೆ.

ಕೇಳುವುದು ದೊಡ್ಡದೇನಲ್ಲ. ಸಾರ್ವಜನಿಕ ತೀರದಲ್ಲಿ ಕಟ್ಟುವ ಪ್ರತಿಯೊಂದು ಜೆಟ್ಟಿ, ಪ್ರತಿಯೊಂದು ಮರೀನಾ ತನ್ನ ಆವರಣದಲ್ಲಿ ಎಲ್ಲರಿಗೂ ತೆರೆದ ಒಂದು ಇಳಿಜಾರನ್ನು ಬಿಟ್ಟುಕೊಡಬೇಕು. ಮೀನುಗಾರರ ದಾರಿಯನ್ನು ಮೊದಲು ಗುರುತಿಸಿ ಆಮೇಲೆ ನಕ್ಷೆ ಬರೆಯಬೇಕು. ಕಲಿಸುವವರಾಗಿ ಆ ಮೀನುಗಾರರ ಮಕ್ಕಳನ್ನೇ ತಯಾರುಮಾಡಬೇಕು. ಗಾಳಿ ಮತ್ತು ಅಲೆಯ ಅರಿವು ಅವರ ಮನೆಯಲ್ಲೇ ಇದೆ. ಮುಂದೆ ನಮ್ಮ ನಗರಗಳಲ್ಲಿ ದೋಣಿಮೇಳ ನಡೆದರೆ ಅದರಲ್ಲಿ ಕನಿಷ್ಠ ಒಂದು ಡೇರೆ ಹಲಗೆ ಹೊಲಿದು ದೋಣಿ ಕಟ್ಟುವುದನ್ನು ತೋರಿಸಲಿ, ಇನ್ನೊಂದು ಲೈಫ್ ಜಾಕೆಟಿನ ಪಟ್ಟಿ ಬಿಗಿಯುವುದನ್ನು ಕಲಿಸಲಿ.

ನಮ್ಮ ಸಂಘಗಳ ಪಾಲಿನ ಕೆಲಸವೂ ಇದೆ. ವರ್ಷಕ್ಕೊಮ್ಮೆ ಮಕ್ಕಳನ್ನು ವಿಹಾರಕ್ಕೆ ಕರೆದೊಯ್ಯುತ್ತೇವೆ. ರೆಸಾರ್ಟಿನ ಕೊಳದಲ್ಲಿ ಆಡಿಸಿ ಊಟ ಹಾಕಿಸಿ ಮರಳುತ್ತೇವೆ. ಒಂದು ವರ್ಷ ಅದರ ಬದಲು ಒಬ್ಬ ಹಳೆಯ ಮೊಗವೀರ ಹಿರಿಯರನ್ನೋ ಕೋಳಿ ಮೀನುಗಾರರನ್ನೋ ಕರೆದು, ಒಂದು ಭಾನುವಾರ ಮಕ್ಕಳಿಗೆ ಗಂಟು ಹಾಕುವುದನ್ನು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಹೇಳುವುದನ್ನು ಕಲಿಸಬಹುದು. ಅದಕ್ಕೆ ದೋಣಿಯೂ ಬೇಡ. ಹತ್ತು ಮೀಟರ್ ಹಗ್ಗ ಸಾಕು. ಸೌತಾಂಪ್ಟನ್ನಿನ ಮೇಳದಿಂದ ನಾನು ಕೊಂಡು ತಂದದ್ದೂ ಅಷ್ಟೇ. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಸಂಘದ ಕಾರ್ಯದರ್ಶಿಗಳು ಕೇಳಿದರೆ ಕೊಡಲು ಸಿದ್ಧನಿದ್ದೇನೆ.